ಎರಡು ಎಕರೆ ಮೂವತ್ತು ಗುಂಟೆ ಜಡ್ಡಿ: ಟ್ರಸ್ಟ್ ಕೊಳ್ಳಬೇಕಾದದ್ದು, ಕೊಳ್ಳಬಾರದ್ದು

ಸಿದ್ದಾಪುರ ತಾಲೂಕಿನ ಘಟ್ಟದಂಚಿನಲ್ಲಿ ಒಂದು ಕಣಿವೆ. ತುದಿಯಲ್ಲಿ ಸೊಪ್ಪಿನ ಬೆಟ್ಟ, ಅದರ ಬುಡದಲ್ಲಿ ಅಬ್ಬಿ (ನೀರಿನ ಒರತೆ), ಅಬ್ಬಿಯ ಕೆಳಗೆ ಎರಡು ಎಕರೆ ಅಡಿಕೆ ತೋಟ. ತೋಟ ದಾಟಿದರೆ ಬೀಳುಬಿಟ್ಟ ಗದ್ದೆ 1 ಎಕರೆ 30 ಗುಂಟೆ. ಅದರ ಕೆಳಗೆ, ವರ್ಷವಿಡೀ ಕಾಲು ಹೂಳುವ ಕೆಸರಿನಲ್ಲಿ ಮಂಡಿಯೂರಿದಂತೆ ಬೇರು ಎತ್ತಿ ನಿಂತ ಮರಗಳ 2 ಎಕರೆ 30 ಗುಂಟೆ ರಾಮಪತ್ರೆ ಜಡ್ಡಿ, ಅಂದರೆ ಜೌಗುಕಾಡು. ಒಟ್ಟು ಮಾಲ್ಕಿ (ಖಾಸಗಿ ಹಿಡುವಳಿ) 6 ಎಕರೆ 20 ಗುಂಟೆ. ಯಜಮಾನರಿಗೆ ವಯಸ್ಸಾಗಿದೆ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಮೂವರೂ ಊರು ಬಿಟ್ಟವರು. ಹೋಂಸ್ಟೇ ಕಟ್ಟುವವರೊಬ್ಬರು ಜಡ್ಡಿಯ ಅಂಚಿನವರೆಗೆ ರಸ್ತೆ ಬರುವುದಾದರೆ ಕೊಳ್ಳುತ್ತೇವೆ ಎಂದಿದ್ದಾರೆ. ಕಾಡು ಉಳಿಸುವ ಉದ್ದೇಶದ ಸಣ್ಣ ಟ್ರಸ್ಟ್ ಒಂದರ ಹತ್ತಿರ ಜಡ್ಡಿಯಷ್ಟನ್ನೇ ಕೊಳ್ಳುವಷ್ಟು ಹಣವಿದೆ.

ಇದು ಯಾವುದೋ ಒಂದು ಊರಿನ ಕಡತವಲ್ಲ. ಈ ಸೀಮೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪರಿಸ್ಥಿತಿಯನ್ನು ಒಂದೇ ಜಮೀನಿನ ಮೇಲೆ ಕೂರಿಸಿ ಲೆಕ್ಕ ಹಾಕಿದ್ದು. ಕುಟುಂಬ, ವಿಸ್ತೀರ್ಣ, ಹಳ್ಳದ ನೀರಿನ ಪ್ರಮಾಣ ಮಾದರಿಗೆ ಇಟ್ಟುಕೊಂಡವು. ಕಾನೂನು, ಅಳತೆಯ ಸೂತ್ರ, ಮರಗಳ ಸ್ವಭಾವ ಇದ್ದದ್ದು ಇದ್ದಂತೆ.

ಜಡ್ಡಿ ಯಾಕೆ ಮುಖ್ಯ ಎಂಬುದನ್ನು ಇಲ್ಲಿ ಉದ್ದಕ್ಕೆ ಹೇಳಬೇಕಿಲ್ಲ. ಇದೇ ತಾಲೂಕಿನ ಕತ್ತಲೆಕಾನಿನ ಜಡ್ಡಿಯಿಂದ 2000ದಲ್ಲಿ ಗುಡ್ಡೇಗೇರಿನ ಕುಲದ ಹೊಸ ಮರವೊಂದು ವಿಜ್ಞಾನಕ್ಕೆ ಗೊತ್ತಾಯಿತು. ಅದಕ್ಕೆ ಕಾನಿನ ಹೆಸರನ್ನೇ ಇಟ್ಟು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಸಿಂಗಳೀಕಗಳ ಉತ್ತರದ ಕಟ್ಟಕಡೆಯ ನೆಲೆಯೂ ಈ ಕಣಿವೆಗಳೇ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಿದರು. ಆದರೆ ಮೀಸಲಿನ ಗೆರೆ ಸರ್ಕಾರಿ ಕಾಡನ್ನು ಕಾಯುತ್ತದೆಯೇ ಹೊರತು, ಮಾಲ್ಕಿ ಜಮೀನಿನೊಳಗೆ ಉಳಿದುಕೊಂಡ ಚೂರುಪಾರು ಜಡ್ಡಿಗಳನ್ನಲ್ಲ. ಟ್ರಸ್ಟ್‌ಗಳಿಗೆ ಕೆಲಸವಿರುವುದು ಅಲ್ಲಿಯೇ.

ಜಡ್ಡಿಯಷ್ಟನ್ನೇ ಕೊಂಡರೆ

ಟ್ರಸ್ಟಿನ ಮೊದಲ ಯೋಚನೆ ಸರಳವಾಗಿತ್ತು: 2 ಎಕರೆ 30 ಗುಂಟೆ ಕೊಂಡು, ಸುತ್ತ ಅಗಳ ತೋಡಿ, ಬೋರ್ಡು ಹಾಕುವುದು. ಅಷ್ಟನ್ನೇ ಕೊಳ್ಳುವುದೂ ತಪ್ಪು, ಅಗಳವೂ ತಪ್ಪು. ಜಡ್ಡಿ ಬದುಕುವುದು ಅದರ ಮಣ್ಣಿನಿಂದಲ್ಲ, ಮೇಲಿನಿಂದ ನಿಲ್ಲದೆ ಜಿನುಗುವ ನೀರಿನಿಂದ. ಮಳೆಗಾಲದಲ್ಲಿ ಬೆಟ್ಟ ಕುಡಿದ ನೀರು ಜಂಬಿಟ್ಟಿಗೆಯ ನೆಲದೊಳಗೆ ನಿಧಾನಕ್ಕೆ ಇಳಿದು ಏಪ್ರಿಲ್‌ನಲ್ಲೂ ಅಬ್ಬಿಯಾಗಿ ಹೊರಬರುತ್ತದೆ. ನಡುವೆ ತೋಟದ ಪಂಪು, ತೋಟದ ಬಸಿಗಾಲುವೆ. ಇವೆರಡೂ ಯಾರ ಕೈಯಲ್ಲಿವೆಯೋ ಜಡ್ಡಿಯ ಜೀವವೂ ಅವರ ಕೈಯಲ್ಲಿದೆ. ಕ್ರಯಪತ್ರದಲ್ಲಿ ಟ್ರಸ್ಟಿನ ಹೆಸರಿದ್ದರೂ ಹತ್ತು ವರ್ಷದಲ್ಲಿ ಒಣ ಕೆಸರಿನಲ್ಲಿ ಒಣ ಮರಗಳು ನಿಂತಿರಬಹುದು.

ಹಾಗಾದರೆ ಆರೂವರೆ ಎಕರೆಯನ್ನೂ ಕೊಂಡುಬಿಡುವುದು ಸರಿಯೇ? ಹಣ ಸಿಕ್ಕರೂ ಅದು ಸರಿಯಲ್ಲ. ಕಾರಣ ಬೆಟ್ಟ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಎಕರೆಗೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಈ ಎರಡು ಎಕರೆ ತೋಟಕ್ಕೆ ಹೆಚ್ಚೆಂದರೆ 18 ಎಕರೆ. ಆ ಬೆಟ್ಟ ತೋಟದವರ ಸ್ವತ್ತಲ್ಲ. ನೆಲ ಸರ್ಕಾರದ್ದು, ತೋಟದವರಿಗೆ ಇರುವುದು ಬಳಸುವ ಸವಲತ್ತು, ಅದೂ ತೋಟಕ್ಕೆ ಅಂಟಿಕೊಂಡು ಬಂದದ್ದು. ಅದನ್ನು ಬೇರೆಯಾಗಿ ಮಾರಲೂ ಬಾರದು, ಕೊಳ್ಳಲೂ ಬಾರದು. ಟ್ರಸ್ಟ್ ತೋಟ ಕೊಂಡು ಕೃಷಿ ನಿಲ್ಲಿಸಿತೆನ್ನಿ. ಸೊಪ್ಪಿಗೆ ಹೋಗುವವರಿಲ್ಲ, ಬೆಂಕಿ ಬಿದ್ದರೆ ಮೊದಲು ಓಡಿಬರುವವರಿಲ್ಲ, ಅತಿಕ್ರಮಣವಾದರೆ ತಕರಾರು ಎತ್ತುವವರಿಲ್ಲ. ಜಡ್ಡಿಯ ನೀರಿನ ತವರನ್ನು ಈವರೆಗೆ ಕಾದದ್ದು ತೋಟದ ಮನೆ. ಆ ಮನೆಯನ್ನು ಎಬ್ಬಿಸಿ ಕಾಡು ಉಳಿಸುತ್ತೇವೆಂಬುದು ಈ ನೆಲದ ಲೆಕ್ಕಕ್ಕೆ ಕೂಡಿಬರುವುದಿಲ್ಲ.

ಎಲ್ಲ ಬೆಟ್ಟಗಳೂ ಚೆನ್ನಾಗಿವೆ ಎಂದಲ್ಲ. ವರ್ಷವರ್ಷವೂ ಒಂದೇ ಮರದ ಸೊಪ್ಪು ಕಡಿದು ಬೋಳು ಕಂಬದಂತಾದ ಬೆಟ್ಟಗಳೂ, ದರಕನ್ನೆಲ್ಲ ಗುಡಿಸಿ ನೆಲ ಬರಿದಾದ ಬೆಟ್ಟಗಳೂ ಇವೆ. ಅದಕ್ಕೇ ತೋಟದವರೊಂದಿಗೆ ಕೂತು ಮಾತಾಡಬೇಕು, ಅವರನ್ನು ದಾಟಿ ಹೋಗಬಾರದು.

ಈ ಪ್ರಕರಣಕ್ಕೆ ಹೊಂದುವ ಹಂಚಿಕೆ ಹೀಗೆ: ಜಡ್ಡಿ ಮತ್ತು ಬೀಳು ಗದ್ದೆ, ಒಟ್ಟು 4 ಎಕರೆ 20 ಗುಂಟೆ, ಟ್ರಸ್ಟಿಗೆ. ತೋಟ, ಮನೆ, ಬೆಟ್ಟದ ಸವಲತ್ತು ಕುಟುಂಬಕ್ಕೇ. ತೋಟದ ಮೇಲೆ ಜಡ್ಡಿಯ ಪರವಾಗಿ ನೀರಿನ ಹಕ್ಕು, ನೋಂದಾಯಿತ ಪತ್ರದ ಮೂಲಕ.

ಕಾಗದ

ಅಮೆರಿಕದ ಭೂ ಟ್ರಸ್ಟ್‌ಗಳು ಬಹಳ ಕಡೆ ಜಮೀನು ಕೊಳ್ಳುವುದೇ ಇಲ್ಲ. ಮಾಲೀಕ ಜಮೀನು ಇಟ್ಟುಕೊಂಡು, ಕಟ್ಟುವ, ಒಡೆಯುವ ಹಕ್ಕನ್ನಷ್ಟೇ ಶಾಶ್ವತವಾಗಿ ಟ್ರಸ್ಟಿಗೆ ಬರೆದುಕೊಡುತ್ತಾನೆ. ಅದಕ್ಕೆ ಕನ್ಸರ್ವೇಷನ್ ಈಸ್‌ಮೆಂಟ್ ಎನ್ನುತ್ತಾರೆ. ಅದನ್ನೇ ಇಲ್ಲಿಗೆ ತರಲು ಹೊರಟರೆ ಎಡವುತ್ತೇವೆ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯ 4ನೇ ಕಲಂ ಪ್ರಕಾರ ಈ ಹಕ್ಕು ಒಂದು ಜಮೀನಿನ ಅನುಭೋಗಕ್ಕಾಗಿ ಇನ್ನೊಂದು ಜಮೀನಿನ ಮೇಲೆ ಇರುವಂಥದ್ದು. ಏನೂ ಜಮೀನಿಲ್ಲದ ಟ್ರಸ್ಟ್, ‘ಕಾಡಿನ ಹಿತಕ್ಕಾಗಿ’ ಎಂದು ಬೇರೆಯವರ ಜಮೀನಿನ ಮೇಲೆ ಇದನ್ನು ಪಡೆಯಲಾಗದು. ಆದರೆ ಟ್ರಸ್ಟಿನ ಕೈಗೆ ಜಡ್ಡಿ ಬಂದ ಕ್ಷಣ ಬಾಗಿಲು ತೆರೆಯುತ್ತದೆ. ಜಡ್ಡಿ ಹಕ್ಕುಳ್ಳ ಜಮೀನು, ತೋಟ ಹಕ್ಕಿಗೆ ಒಳಪಟ್ಟ ಜಮೀನು. ಹಳ್ಳಕ್ಕೆ ಅಡ್ಡ ಕಟ್ಟಬಾರದು, ದಿಕ್ಕು ತಿರುಗಿಸಬಾರದು, ಬಸಿಗಾಲುವೆ ಇಷ್ಟಕ್ಕಿಂತ ಆಳ ಮಾಡಬಾರದು ಎಂಬ ಷರತ್ತುಗಳು ಜಡ್ಡಿಯ ಅನುಭೋಗಕ್ಕೆ ನೇರವಾಗಿ ಸಂಬಂಧಿಸಿದವು. ಆಸ್ತಿ ವರ್ಗಾವಣೆ ಕಾಯ್ದೆಯ 11 ಮತ್ತು 40ನೇ ಕಲಂಗಳೂ ಇಂಥ ನಿರ್ಬಂಧಕ್ಕೆ ಆಸರೆಯಾಗುತ್ತವೆ.

ಇದನ್ನು ಛಾಪಾ ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ತೋಟದ ಸರ್ವೆ ನಂಬರು, ಹಿಸ್ಸಾ ನಮೂದಿಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಆಗ ಅದು ತೋಟದ ಋಣಭಾರ ಪತ್ರದಲ್ಲಿ ಕಾಣಿಸುತ್ತದೆ. ಇಪ್ಪತ್ತು ವರ್ಷದ ಬಳಿಕ ತೋಟ ಕೊಳ್ಳುವವರು ‘ನಮಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ಬೆಟ್ಟದ ಮೇಲೆ ಮಾತ್ರ ಇಂಥ ಪತ್ರ ನಡೆಯದು, ತನ್ನದಲ್ಲದ ನೆಲದ ಮೇಲೆ ಯಾರೂ ಹಕ್ಕು ಬರೆದುಕೊಡಲಾರರು. ಹಾಗೆ ಬರೆಸಿಕೊಂಡ ಪತ್ರ ಮುಂದೆ ಉಳಿದ ಷರತ್ತುಗಳ ಮೇಲೂ ಅನುಮಾನ ತರುತ್ತದೆ.

ಗೇಣಿಗೆ ಪಡೆಯುವ ದಾರಿ ಮುಚ್ಚಿದೆ. ಉಳುವವನೇ ಒಡೆಯನಾದ ಮೇಲೆ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಹೊಸ ಗೇಣಿಯನ್ನು ನಿಷೇಧಿಸಿದೆ. ಕೊಳ್ಳುವ ದಾರಿಯೂ 2020ರವರೆಗೆ ಟ್ರಸ್ಟ್‌ಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಅದಕ್ಕೆ ಕಾರಣ 79ಬಿ ಕಲಂ. ಅದನ್ನೂ, ಕೃಷಿಯೇತರ ಆದಾಯ ಹೆಚ್ಚಿದ್ದವರನ್ನು ತಡೆದಿದ್ದ 79ಎಯನ್ನೂ ಆ ವರ್ಷದ ತಿದ್ದುಪಡಿ ತೆಗೆದುಹಾಕಿತು. ಟ್ರಸ್ಟ್ ಒಳಬಂದ ಬಾಗಿಲಿನಿಂದಲೇ ಹೋಂಸ್ಟೇಯವರೂ ಬಂದದ್ದು ಎಂಬುದನ್ನು ಮರೆಯಬಾರದು. ಭೂಮಿತಿ ಈಗಲೂ ಇದೆ. ಖರೀದಿಯ ದಿನ ಜಾರಿಯಲ್ಲಿರುವ ಕಾಯ್ದೆಯನ್ನು ವಕೀಲರಿಂದ ಓದಿಸಿಯೇ ಮುಂಗಡ ಕೊಡಬೇಕು.

ಕಡತದಲ್ಲಿ ನೋಡುವುದು: ಪಹಣಿ, ಹಕ್ಕು ಬದಲಾವಣೆಯ ನೋಂದಿಗಳು, ಆಕಾರಬಂದ್, ಸರ್ವೆ ಟಿಪ್ಪಣಿ, ಕನಿಷ್ಠ ಮೂವತ್ತು ವರ್ಷದ ಋಣಭಾರ ಪತ್ರ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದರಿಂದ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಆಗಲೇಬೇಕು. ಮೂರು ಕಡೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾರೆ. ಒಂದು, ಖರಾಬು, ಅಂದರೆ ಸಾಗುವಳಿಗೆ ಬಾರದ್ದೆಂದು ದಾಖಲಾದ ನೆಲ. ಜಡ್ಡಿಯ ನಡುವಿನ ಹಳ್ಳ ‘ಬ’ ಖರಾಬು ಎಂದಿದ್ದರೆ ಅದು ಸಾರ್ವಜನಿಕರದ್ದು, ಅಷ್ಟು ಗುಂಟೆಗೆ ಹಣ ಕೊಡುವಂತಿಲ್ಲ. ಎರಡು, ಹೆಣ್ಣುಮಕ್ಕಳ ಸಹಿ. ಪಹಣಿಯಲ್ಲಿ ತಂದೆಯ ಹೆಸರೊಂದೇ ಇದ್ದರೂ ಜಮೀನು ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ‘ಅವರೇನೂ ಕೇಳುವುದಿಲ್ಲ ಬಿಡಿ’ ಎಂಬ ಮಾತಿನ ಮೇಲೆ ಬರೆಸಿಕೊಂಡ ಪತ್ರ ಮುಂದೆ ಕೋರ್ಟಿಗೆ ಹೋಗುತ್ತದೆ. ಮೂವರೂ ಮಕ್ಕಳು ಕಚೇರಿಗೆ ಬಂದು ಸಹಿ ಹಾಕಬೇಕು. ಮೂರು, ಮಂಜೂರಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಬಡವನ ಜಮೀನನ್ನು ಕಾಡಿನ ಹೆಸರಿನಲ್ಲಿ ಕೈಬದಲಾಯಿಸುವುದು ಕಾನೂನಿನ ಮಾತಿರಲಿ, ನ್ಯಾಯವೂ ಅಲ್ಲ.

ನೀರಿನ ಲೆಕ್ಕ

ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ. ‘ಸಾಕಷ್ಟು ನೀರು ಬಿಡತಕ್ಕದ್ದು’ ಎಂದು ಪತ್ರದಲ್ಲಿ ಬರೆದರೆ ಏಪ್ರಿಲ್ ತಿಂಗಳಲ್ಲಿ ಜಗಳ ಖಚಿತ. ಎಷ್ಟು ಎಂಬುದು ಅಂಕಿಯಲ್ಲಿ ಇರಬೇಕು, ಆ ಅಂಕಿಯನ್ನು ತೋಟದವರೂ ತಾವೇ ಅಳೆಯುವಂತಿರಬೇಕು.

ತೋಟದವರು ನೀರೆತ್ತುವ ಜಾಗದಿಂದ ಕೆಳಗೆ, ಜಡ್ಡಿಗೆ ಸೇರುವ ಮುನ್ನ, ಹಳ್ಳಕ್ಕೆ ಒಂದು ತಗಡು ನಿಲ್ಲಿಸುವುದು. ಎರಡಡಿ ಅಗಲದ 3 ಮಿ.ಮೀ. ತಗಡಿನ ಮೇಲಂಚಿನಿಂದ 20 ಸೆಂ.ಮೀ. ಆಳಕ್ಕೆ, 90 ಡಿಗ್ರಿ ಕೋನದ ‘ವಿ’ ಕೊರೆದಿರಬೇಕು. ಕೊರೆದ ಅಂಚು ಚೂಪಾಗಿರಲಿ. ಎರಡೂ ಬದಿಗೆ ಜೇಡಿಮಣ್ಣು ಮೆತ್ತಬೇಕು, ಇಲ್ಲವಾದರೆ ನೀರು ಪಕ್ಕದಿಂದ ನುಸುಳಿ ಲೆಕ್ಕ ಕಡಿಮೆ ತೋರಿಸುತ್ತದೆ. ಕೆಳಗಡೆ ನೀರು ಬಿಡುಬೀಸಾಗಿ ಧುಮುಕುವಷ್ಟು ಇಳುಕಲು ಬೇಕು, ಅಡಿಯಲ್ಲಿ ಬಕೆಟ್ ಇಡುವಷ್ಟು ಇದ್ದರೆ ಇನ್ನೂ ಒಳ್ಳೆಯದು. ನೀರಿನ ಮಟ್ಟವನ್ನು ತಗಡಿನ ಬಾಯಲ್ಲೇ ಅಳೆಯಬಾರದು, ಅಲ್ಲಿ ನೀರು ಬಾಗಿರುತ್ತದೆ. ಎರಡೂವರೆ ಅಡಿ ಹಿಂದೆ ಒಂದು ಗೂಟ ಹುಗಿದು, ‘ವಿ’ಯ ತಳಕ್ಕೆ ಸಮನಾಗಿ ಸೊನ್ನೆ ಗುರುತಿಸಿ, ಅಲ್ಲಿ ಅಳೆಯಬೇಕು. ಜೂನ್ ಮೊದಲ ಮಳೆಗೆ ಮುನ್ನ ತಗಡು ತೆಗೆಯದಿದ್ದರೆ ಮಳೆಗಾಲ ಮುಗಿಯುವಾಗ ಅದು ಅಲ್ಲಿರುವುದಿಲ್ಲ.

ಮೀಟರಿನಲ್ಲಿ ಅಳೆದ ಎತ್ತರದ ಎರಡೂವರೆ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಎಂಬುದು ಸಿಗುತ್ತದೆ. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 4.36 ಲೀಟರ್. 5 ಸೆಂ.ಮೀ. ಇದ್ದರೆ 0.77 ಲೀಟರ್. ಮಟ್ಟ ಅರ್ಧಕ್ಕಿಳಿದಾಗ ನೀರು ಆರನೇ ಒಂದು ಭಾಗದ ಹತ್ತಿರಕ್ಕೆ ಇಳಿದಿರುತ್ತದೆ. ‘ಇನ್ನೂ ಅರ್ಧ ಇದೆಯಲ್ಲ’ ಎಂದು ಕಣ್ಣಳತೆಯಲ್ಲಿ ನಂಬಿಕೊಂಡು ಪಂಪು ಓಡಿಸುವುದು ಹೀಗೆಯೇ. 5 ಸೆಂ.ಮೀ.ಗಿಂತ ಕೆಳಗೆ ನೀರು ತಗಡಿಗೆ ಅಂಟಿಕೊಂಡು ಇಳಿಯುವುದರಿಂದ ಸೂತ್ರವನ್ನು ಪೂರ್ತಿ ನೆಚ್ಚಬಾರದು. ಆಗ ಹತ್ತು ಲೀಟರ್ ಬಕೆಟ್ಟೇ ಸರಿ. 13 ಸೆಕೆಂಡಿಗೆ ತುಂಬಿದರೆ 0.77 ಲೀಟರ್, 23 ಸೆಕೆಂಡಾದರೆ 0.44 ಲೀಟರಿಗೆ ಹತ್ತಿರ.

ಇನ್ನು ತೋಟದ ಬೇಡಿಕೆ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 538 ಮರ, ಎರಡು ಎಕರೆಗೆ 1,076. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿದರೆ 21,500 ಲೀಟರ್. ಹಗಲುರಾತ್ರಿ ಹಂಚಿದರೆ ಸೆಕೆಂಡಿಗೆ ಕಾಲು ಲೀಟರ್ ಮಾತ್ರ. ಅಷ್ಟೇ ನೀರನ್ನು ಸೆಕೆಂಡಿಗೆ 5 ಲೀಟರ್ ಎಳೆಯುವ ಪಂಪು ಎಪ್ಪತ್ತೆರಡು ನಿಮಿಷದಲ್ಲಿ ಮುಗಿಸುತ್ತದೆ. ಪಂಪು ಎಳೆಯುವ ಹಳ್ಳದ ಹೊಂಡ ಬರಿದಾಗುತ್ತದೆ, ಹರಿವು ಕಡಿಯುತ್ತದೆ, ಹೊಂಡ ಮತ್ತೆ ತುಂಬಿ ಹರಿಯುವವರೆಗೆ ಜಡ್ಡಿಗೆ ಹನಿ ನೀರಿಲ್ಲ. ತೋಟಕ್ಕೆ ಹೋದ ಲೀಟರು ಎರಡೂ ರೀತಿಯಲ್ಲಿ ಒಂದೇ, ಜಡ್ಡಿಗೆ ಆಗುವ ಪೆಟ್ಟು ಒಂದೇ ಅಲ್ಲ.

ಹೀಗಾಗಿ ಟ್ರಸ್ಟ್ ಮೊದಲು ಹಣ ಹಾಕಬೇಕಾದದ್ದು ಬೇಲಿಗಲ್ಲ, ತೋಟದ ತಲೆಯಲ್ಲಿ 25,000 ಲೀಟರಿನ ಒಂದು ತೊಟ್ಟಿಗೆ, ಅಬ್ಬಿಯಿಂದ ತೊಟ್ಟಿಗೆ ತಾನಾಗಿಯೇ ನೀರಿಳಿಯುವ ಒಂದು ಇಂಚಿನ ಪೈಪಿಗೆ, ಹನಿ ನೀರಾವರಿಗೆ. ಪೈಪಿನ ಬಾಯಿ ಹಳ್ಳದ ತಳಕ್ಕಿಂತ ತುಸು ಮೇಲಿರಲಿ. ನೀರು ತೀರಾ ಕಡಿಮೆಯಾದಾಗ ಅದು ತಾನೇ ಎಳೆಯುವುದನ್ನು ನಿಲ್ಲಿಸುತ್ತದೆ. ಪತ್ರದಲ್ಲಿ ಬರೆಯುವ ಷರತ್ತು: ತಗಡಿನ ಕೆಳಗೆ ಹತ್ತು ಲೀಟರ್ ಬಕೆಟ್ ತುಂಬಲು 23 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೋಟಕ್ಕೆ ನೀರು ದಿನ ಬಿಟ್ಟು ದಿನ. ಈ 23 ಎಂಬುದು ಈ ಮಾದರಿ ಹಳ್ಳಕ್ಕೆ. ಬೇರೆ ಕಣಿವೆಗೆ ಬೇರೆ ಅಂಕಿ, ಕನಿಷ್ಠ ಎರಡು ಬೇಸಿಗೆ ಅಳೆದ ಮೇಲೆ ಗೊತ್ತುಮಾಡಬೇಕು. ದಿನ ಬಿಟ್ಟು ನೀರು ಹಾಯಿಸಿದ ವರ್ಷ ಫಸಲು ಇಳಿದರೆ ಟ್ರಸ್ಟ್ ಎಷ್ಟು ಕಟ್ಟಿಕೊಡುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ಮೊದಲೇ ಬರೆಯಬೇಕು. ನಷ್ಟವನ್ನೆಲ್ಲ ತೋಟದವರ ತಲೆಗೆ ಕಟ್ಟಿದ ಒಪ್ಪಂದವನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ, ಪಾಲಿಸಬೇಕೆಂದು ಕೇಳುವುದೂ ತಪ್ಪು.

ಅಗಳ, ಬೇಲಿ, ಬೆಂಕಿ

ಅಗಳದ ವಿಷಯ. ಗಡಿಗೆ ಅಗಳ ತೋಡುವುದು ಮಲೆನಾಡಿನಲ್ಲಿ ರೂಢಿ, ಆದರೆ ಜಡ್ಡಿಯ ಮೇಲ್ಬದಿಯಲ್ಲಿ ಇಳಿಜಾರಿಗೆ ಅಡ್ಡವಾಗಿ ತೋಡಿದ ಅಗಳವು ನೆಲದೊಳಗೆ ಬರುತ್ತಿದ್ದ ನೀರನ್ನು ಹಿಡಿದು ಪಕ್ಕಕ್ಕೆ ಸಾಗಿಸುತ್ತದೆ. ಕಾಯಲೆಂದು ತೋಡಿದ್ದೇ ಬಸಿಗಾಲುವೆಯಾಗುತ್ತದೆ. ಮೇಲ್ಬದಿಗೆ ಲಕ್ಕಿ ಗಿಡದ ಜೀವಂತ ಬೇಲಿ ಸಾಕು. ಗೂಟ ನೆಟ್ಟರೆ ಚಿಗುರುತ್ತದೆ, ದನ ತಿನ್ನುವುದಿಲ್ಲ. ಜಡ್ಡಿಯ ಕೆಳಂಚಿನಲ್ಲಿ ಹಳೆಯ ಬಸಿಗಾಲುವೆ ಇದ್ದರೆ ಅದನ್ನು ಒಂದೇ ಸಲ ಮುಚ್ಚಬಾರದು. ಹಲಗೆ, ಜೇಡಿಮಣ್ಣಿನಿಂದ ಕಟ್ಟ ಹಾಕಿ, ವರ್ಷಕ್ಕೆ ಒಂದು ಗೇಣು ಏರಿಸುತ್ತ ಹೋಗಬೇಕು. ಥಟ್ಟನೆ ನೀರು ಏರಿಸಿದರೆ ಒಣಗಿದ ವರ್ಷಗಳಲ್ಲಿ ಹುಟ್ಟಿದ ಸಸಿಗಳು ಮುಳುಗಿ ಸಾಯುತ್ತವೆ.

ಬೀಳು ಗದ್ದೆಯ ಹಾಳಿಗಳನ್ನು (ಬದುಗಳನ್ನು) ಒಡೆಯಬೇಡಿ. ಅವು ನೀರು ತಡೆದು ಜಡ್ಡಿಗೆ ನಿಧಾನಕ್ಕೆ ಬಿಡುತ್ತವೆ. ಕೇದಗೆ ಜಾತಿಯ ಮುಂಡಿಗೆ ಗಿಡ ತಾನಾಗಿ ಬಂದರೆ ಬರಲಿ.

ಬೆಟ್ಟಕ್ಕೆ ಮೂರು ಮಾತು ಸಾಕು, ಅವು ತೋಟದ ಮನೆ, ಗ್ರಾಮ ಅರಣ್ಯ ಸಮಿತಿ, ವಲಯ ಅರಣ್ಯಾಧಿಕಾರಿ ಮೂವರಿಗೂ ಒಪ್ಪಿತವಾಗಿರಲಿ. ಬೆಟ್ಟವನ್ನು ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗದ ಸೊಪ್ಪು ಮಾತ್ರ ಕಡಿಯುವುದು, ತುದಿ ಚಿಗುರು ಬಿಡುವುದು. ದರಕು ಗುಡಿಸುವಾಗ ಅಬ್ಬಿಯ ಸುತ್ತಲಿನದನ್ನು ಮುಟ್ಟದಿರುವುದು. ಜನವರಿ ಮುಗಿಯುವುದರೊಳಗೆ ಮೇಲಂಚಿನಲ್ಲಿ ಹತ್ತಡಿ ಅಗಲದ ಬೆಂಕಿ ರೇಖೆ ಸವರುವುದು. ಬೆಂಕಿ ಬಿದ್ದ ಜಾಗದಲ್ಲಿ ಅಕೇಶಿಯಾ ಸಸಿಗಳು ಗುಂಪುಗುಂಪಾಗಿ ಏಳುತ್ತವೆ. ಜುಲೈನಲ್ಲಿ ಮಣ್ಣು ಮೆತ್ತಗಿರುವಾಗ ಬೇರುಸಹಿತ ಕಿತ್ತರೆ ಮುಗಿಯಿತು, ಮರವಾದ ಮೇಲೆ ಕಡಿಯಲು ಇಲಾಖೆಯ ಅನುಮತಿ ಬೇಕು.

ಸಸಿ ನೆಡುವ ಹುಚ್ಚನ್ನು ಮೊದಲ ವರ್ಷ ತಡೆಹಿಡಿಯಬೇಕು. ರಾಮಪತ್ರೆಯ ಬೀಜ ಒಣಗಿಸಿ ಇಡುವಂಥದ್ದಲ್ಲ, ಒಣಗಿದರೆ ಸಾಯುತ್ತದೆ. ಬಿದ್ದ ಹಣ್ಣಿನ ಬೀಜಕ್ಕೆ ಸುತ್ತಿಕೊಂಡ ಪತ್ರೆ ಬಿಡಿಸಿ ಕೆಲವೇ ದಿನಗಳಲ್ಲಿ ಹಸಿ ಮರಳಿನಲ್ಲಿ, ನೆರಳಲ್ಲಿ ಊರಬೇಕು. ಗಂಡು ಮರ, ಹೆಣ್ಣು ಮರ ಬೇರೆಬೇರೆ, ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಖಾಲಿ ಬಿದ್ದ ಜಾಗಕ್ಕೆ ಒಂದೊಂದೇ ಸಸಿಯಲ್ಲ, ಎಂಟು ಹತ್ತರ ಗುಂಪಾಗಿ ನೆಡುವುದು ಅದಕ್ಕೇ. ನಿಂತ ನೀರಿಗಿಂತ ಒಂದು ಗೇಣು ಮೇಲಿರುವಂತೆ ಮಣ್ಣು ಗುಡ್ಡೆ ಮಾಡಿ ನೆಡಬೇಕು. ಪತ್ರೆ ಕೊಯ್ಯುವ ಮನೆಗಳು ಊರಲ್ಲಿದ್ದರೆ ಅವರನ್ನು ಹೊರಗಟ್ಟಬಾರದು. ಬೇರೆಯವರು ಕೊಯ್ದಾರು ಎಂಬ ಭಯದಿಂದಲೇ ಕಾಯಿ ಬಲಿಯುವ ಮೊದಲೇ ಕೊಯ್ಯುತ್ತಾರೆ, ಬೀಜ ಹಾಳಾಗುವುದು ಅಲ್ಲಿ. ಇಂಥ ಮರ ಇಂಥ ಮನೆಗೆ ಎಂದು ಗೊತ್ತುಮಾಡಿ, ಬಲಿತ ಕಾಯನ್ನಷ್ಟೇ ಕೊಯ್ದು ಬೀಜ ಅಲ್ಲೇ ಬಿಡುವ ಒಪ್ಪಂದವಾದರೆ ಮರದ ಕಾವಲಿಗೆ ಬೇರೆ ಆಳು ಬೇಡ.

ಟ್ರಸ್ಟೇ ಕೈಬಿಟ್ಟರೆ?

ಟ್ರಸ್ಟಿಗಳಿಗೂ ವಯಸ್ಸಾಗುತ್ತದೆ, ಹಣ ಮುಗಿಯುತ್ತದೆ. ಟ್ರಸ್ಟ್ ಪತ್ರದಲ್ಲೇ ಜಮೀನು ಪರಭಾರೆ ಮಾಡಬಾರದು, ಟ್ರಸ್ಟ್ ಮುಚ್ಚಿದರೆ ಇದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗಬೇಕು ಎಂದಿರಬೇಕು. ಮೀರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂನಲ್ಲಿ, ಹಿತಾಸಕ್ತಿಯುಳ್ಳ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಇದಕ್ಕಿಂತ ಗಟ್ಟಿಯಾದ ಬೀಗ ವನ್ಯಜೀವಿ ಕಾಯ್ದೆಯ 36ಸಿ, ಅಂದರೆ ಸಮುದಾಯ ಮೀಸಲು. ಕೊಕ್ಕರೆ ಬೆಳ್ಳೂರು 2007ರಲ್ಲಿ ಆದದ್ದು ಹೀಗೆಯೇ. ಖಾಸಗಿ ಜಮೀನನ್ನೂ ಮಾಲೀಕರು ತಾವಾಗಿ ಒಪ್ಪಿಸಬಹುದು. ಘೋಷಣೆಯಾದ ಮೇಲೆ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಾಗದು. 2022ರ ತಿದ್ದುಪಡಿಯ ಬಳಿಕ ಖಾಸಗಿ ಜಮೀನಿನ ಸಮಿತಿಯಲ್ಲಿ ಮಾಲೀಕರು, ಜೊತೆಗೆ ಇಲಾಖೆಯ ಮತ್ತು ಪಂಚಾಯಿತಿಯ ಪ್ರತಿನಿಧಿಗಳಿರುತ್ತಾರೆ.

ಆದರೆ ಆತುರ ಬೇಡ. ಗಡಿಯ ಸರ್ವೆ ಮುಗಿಯದೆ, ಊರಿನಲ್ಲಿ ಮಾತಾಡದೆ ಅರ್ಜಿ ಹಾಕಿದರೆ ‘ಅಭಯಾರಣ್ಯ ಮಾಡಿ ನಮ್ಮನ್ನು ಎಬ್ಬಿಸುತ್ತಾರೆ’ ಎಂಬ ಸುದ್ದಿ ಒಂದೇ ದಿನದಲ್ಲಿ ಹಬ್ಬುತ್ತದೆ. ಅತಿಕ್ರಮಣದ ಅರ್ಜಿಗಳು ಅರಣ್ಯ ಹಕ್ಕು ಕಾಯ್ದೆಯಡಿ ಇನ್ನೂ ತೂಗುತ್ತಿರುವ ಜಿಲ್ಲೆಯಿದು, ಆ ಭಯಕ್ಕೆ ಕಾರಣವಿದೆ. ನಕ್ಷೆಯನ್ನು ಗ್ರಾಮ ಪಂಚಾಯಿತಿಯಲ್ಲಿ ಗೋಡೆಗೆ ಹಚ್ಚಿ, 4 ಎಕರೆ 20 ಗುಂಟೆಯ ಆಚೆ ಒಂದು ಗೇಣೂ ಸೇರಿಲ್ಲವೆಂದು ತೋರಿಸಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಈ ಜಡ್ಡಿಯನ್ನು ಬರೆಸುವುದು ಮೊದಲು, 36ಸಿ ಆಮೇಲೆ.

ನೀರಿನ ಪುಸ್ತಕ ಜನವರಿಯಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ತುಂಬಬೇಕು: ದಿನಾಂಕ, ಗೂಟದ ಮೇಲಿನ ಸೆಂಟಿಮೀಟರ್, ಬಕೆಟ್ ತುಂಬಿದ ಸೆಕೆಂಡು, ಅಳೆದಾಗ ಪೈಪು ತೆರೆದಿತ್ತೋ ಇಲ್ಲವೋ, ಇಬ್ಬರ ಸಹಿ. ಒಬ್ಬರು ಟ್ರಸ್ಟಿನವರು, ಇನ್ನೊಬ್ಬರು ತೋಟದ ಮನೆಯವರು. ಒಂದು ಪ್ರತಿ ಟ್ರಸ್ಟಿನ ಕಚೇರಿಗೆ, ಮೂಲ ಪುಸ್ತಕ ತೋಟದ ಮನೆಯ ಜಗುಲಿಯಲ್ಲೇ ಇರಲಿ.